ಕಟ್ಟುವ ವಿದ್ಯೆಯೂ ನಮ್ಮ ಪ್ರೌಢಶಾಲೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಸಂಸಾರದ ಎರಡು ಕಷ್ಟಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಮದುವೆಯ ವಿಚಾರವನ್ನು ಇಂದು ಬದಿಗಿರಿಸೋಣ. ಅದಕ್ಕೆ ಶಾಲೆಯಿಲ್ಲ, ಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದವರೂ ಇಲ್ಲ. ಮನೆ ಕಟ್ಟುವುದರ ಮಾತು ಹಾಗಲ್ಲ. ಸೂರು, ಗೋಡೆ, ಕೆರೆ, ಸೇತುವೆ, ದಾರಿ ಇವುಗಳಿಲ್ಲದೆ ನಾಡು ಎಂಬ ಹೆಸರೇ ಇಲ್ಲ. ಇವುಗಳನ್ನು ಕಟ್ಟುವ ವಿದ್ಯೆಯನ್ನು ನಮ್ಮ ಮಕ್ಕಳು ಎಲ್ಲಿ ಕಲಿಯುತ್ತಾರೆ, ಯಾವ ವಯಸ್ಸಿನಲ್ಲಿ ಕಲಿಯುತ್ತಾರೆ, ಯಾರ ಬಳಿಯಲ್ಲಿ ಕಲಿಯುತ್ತಾರೆ ಎಂಬುದನ್ನು ವಿಚಾರಮಾಡುವುದೇ ಈ ಉಪನ್ಯಾಸದ ಉದ್ದೇಶ.

ಇಂಥ ಪ್ರಶ್ನೆಯನ್ನು ಎಲ್ಲಿಯೋ ನಿಂತು ಕೇಳುವುದಕ್ಕಿಂತ ಒಂದು ಸೀಮೆಯ ನೆಲದ ಮೇಲೆ ನಿಂತು ಕೇಳುವುದು ಲೇಸು. ಆದಕಾರಣ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳನ್ನು ನಾವು ಮುಂದಿಟ್ಟುಕೊಂಡಿದ್ದೇವೆ. ಮಳೆ ಕಡಿಮೆ, ಕಲ್ಲು ಹೆಚ್ಚು ಎಂದು ಈ ಸೀಮೆಯನ್ನು ಮರುಗಿ ನೋಡುವವರುಂಟು. ಆ ಕೊರತೆಯೂ ಆ ಹೆಚ್ಚಳವೂ ಸೇರಿಯೇ ಇಲ್ಲಿಯ ಜನರನ್ನು ಕಟ್ಟುವವರನ್ನಾಗಿ ಮಾಡಿದುವು ಎಂಬುದನ್ನು ಮುಂದೆ ನೋಡೋಣ.

ಇಂದು ಕಟ್ಟುವ ವಿದ್ಯೆಗೆ ಎರಡು ಬಾಗಿಲುಗಳಿವೆ. ಒಂದು ಹೆಬ್ಬಾಗಿಲು. ಹತ್ತನೆಯ ತರಗತಿ, ಎರಡು ವರ್ಷದ ಪಿ.ಯು., ಪ್ರವೇಶ ಪರೀಕ್ಷೆ, ನಾಲ್ಕು ವರ್ಷದ ಇಂಜಿನಿಯರಿಂಗ್ ಕಾಲೇಜು ಇವುಗಳನ್ನು ದಾಟಿ ಬರುವ ತರುಣನು ಇಪ್ಪತ್ತೆರಡರ ಸುಮಾರಿಗೆ ಕೆಲಸದ ಸ್ಥಳಕ್ಕೆ ಬಂದು ನಿಲ್ಲುತ್ತಾನೆ. ಅವನ ಕೈಯಲ್ಲಿ ನಕ್ಷೆಯಿದೆ. ಕರಣೆಯನ್ನು ಹಿಡಿದು ಅಭ್ಯಾಸವಿಲ್ಲ. ಇನ್ನೊಂದು ಹಿತ್ತಲ ಬಾಗಿಲು. ಶಾಲೆಯನ್ನು ನಡುವೆಯೇ ಬಿಟ್ಟ ಹುಡುಗನು ಅಪ್ಪನ ಜೊತೆಗೋ ಮಾವನ ಜೊತೆಗೋ ಬಾಂಡಲಿ ಹೊರಲು ಹೋಗಿ, ಹತ್ತು ವರ್ಷ ದುಡಿದು ಮೇಸ್ತ್ರಿಯಾಗುತ್ತಾನೆ. ಅವನ ಕೈಯಲ್ಲಿ ಕರಣೆಯಿದೆ. ನಕ್ಷೆಯನ್ನು ಓದುವುದನ್ನು ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಒಬ್ಬನಿಗೆ ಏಕೆ ಎಂಬುದು ಗೊತ್ತು, ಮತ್ತೊಬ್ಬನಿಗೆ ಹೇಗೆ ಎಂಬುದು ಗೊತ್ತು. ಇವರಿಬ್ಬರ ನಡುವಣ ಬಿರುಕೇ ಎಷ್ಟೋ ವೇಳೆ ಗೋಡೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಈ ಮಾತು ಬರಿಯ ಅಲಂಕಾರವಲ್ಲ. ಊರೂರಿನಲ್ಲಿ ನಡೆಯುವ ಮನೆ ಕೆಲಸವನ್ನು ನೋಡಿರಿ. ಕಾಂಕ್ರೀಟು ಬಾಂಡಲಿಯಿಂದ ಸರಾಗವಾಗಿ ಇಳಿಯಲಿ ಎಂದು ಕೆಲಸದವರು ನೀರನ್ನು ಒಂದಷ್ಟು ಹೆಚ್ಚಾಗಿ ಸೇರಿಸುತ್ತಾರೆ. ಕೆಲಸವೇನೋ ಸುಲಭವಾಯಿತು. ಆದರೆ ಸಿಮೆಂಟು ಗಟ್ಟಿಯಾಗಲು ಬೇಕಾದುದಕ್ಕಿಂತ ಹೆಚ್ಚಾದ ನೀರು ಮುಂದೆ ಆರಿಹೋಗಿ, ತಾನಿದ್ದ ಎಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಬಿಡುತ್ತದೆ; ಕಟ್ಟಡದ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಹಾಗೆಯೇ, ಹಾಕಿದ ಕಾಂಕ್ರೀಟನ್ನು ಸಾಮಾನ್ಯ ಸಿಮೆಂಟಾದರೆ ಕಡಮೆಯೆಂದರೆ 7 ದಿನ, ಬೂದಿ ಮೊದಲಾದುವು ಬೆರೆತ ಸಿಮೆಂಟಾದರೆ 10 ದಿನ ಒದ್ದೆಯಾಗಿಡಬೇಕೆಂದು ನಮ್ಮ ದೇಶದ ಮಾನಕ ವಿಧಿಸುತ್ತದೆ. ಬಿಸಿಲಿನ ನಾಡಿನಲ್ಲಿ ಮೂರನೆಯ ದಿನಕ್ಕೇ ನೀರು ನಿಲ್ಲಿಸುವುದುಂಟು. ಇದು ದುರ್ಬುದ್ಧಿಯಲ್ಲ, ಕಾರಣವನ್ನು ಯಾರೂ ಹೇಳಿಕೊಡದುದರ ಫಲ. ಹದಿನಾಲ್ಕು ವರ್ಷದ ಮಗುವಿಗೆ ಅರ್ಧ ಗಂಟೆಯಲ್ಲಿ ತಿಳಿಸಬಹುದಾದ ಮಾತಿದು.

ನಡುವೆ ಪಾಲಿಟೆಕ್ನಿಕ್‌ಗಳೂ ಐ.ಟಿ.ಐ.ಗಳೂ ಇವೆಯಲ್ಲ ಎಂದು ಕೇಳಬಹುದು. ಇವೆ, ಒಳ್ಳೆಯ ಕೆಲಸವನ್ನೂ ಮಾಡುತ್ತಿವೆ. ಚಿತ್ರದುರ್ಗದಲ್ಲಿಯೂ ಹಿರಿಯೂರಿನಲ್ಲಿಯೂ ಸರ್ಕಾರಿ ಪಾಲಿಟೆಕ್ನಿಕ್‌ಗಳುಂಟು. ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಕಾಲೇಜೂ ಉಂಟು. ಆದರೆ ಸಾಮಾನ್ಯವಾಗಿ ಇವುಗಳ ಬಾಗಿಲು ತೆರೆಯುವುದು ಹತ್ತನೆಯ ತರಗತಿಯಾದ ಮೇಲೆ. ನಮ್ಮ ಪ್ರಶ್ನೆ ಅದಕ್ಕಿಂತ ಮುಂಚಿನದು. ಎಂಟನೆಯ, ಒಂಬತ್ತನೆಯ, ಹತ್ತನೆಯ ತರಗತಿಗಳ ವಯಸ್ಸು, ಎಂದರೆ ಹದಿಮೂರರಿಂದ ಹದಿನಾರರವರೆಗೆ, ಕೈಗೂ ಕಣ್ಣಿಗೂ ಹದ ಬರುವ ಕಾಲ. ಸಂಗೀತಗಾರರು ಈ ವಯಸ್ಸನ್ನು ವ್ಯರ್ಥವಾಗಿ ಕಳೆಯಲು ಬಿಡುವುದಿಲ್ಲ. ಪ್ರೌಢಶಾಲೆಯಾದರೋ ಆ ಮೂರು ವರ್ಷವೂ ಮಕ್ಕಳ ಕೈಗೆ ಲೇಖನಿಯೊಂದನ್ನು ಬಿಟ್ಟು ಬೇರಾವ ಉಪಕರಣವನ್ನೂ ಕೊಡುವುದಿಲ್ಲ.

ಒಂದು ಉದಾಹರಣೆ ಸಾಕು. ಪಾಯದ ಮೂಲೆಯನ್ನು ಗುರುತಿಸುವಾಗ ಮೇಸ್ತ್ರಿಯು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ದಾರವನ್ನಳೆದು, ಎರಡು ತುದಿಗಳ ನಡುವೆ 5 ಅಡಿ ಬರುವವರೆಗೂ ದಾರವನ್ನು ಸರಿಸುತ್ತಾನೆ. ಐದು ಬಂದಿತೆಂದರೆ ಮೂಲೆಮಟ್ಟ ಕೂಡಿತು. ಅದೇ ಊರಿನ ಪ್ರೌಢಶಾಲೆಯಲ್ಲಿ ಉಪಾಧ್ಯಾಯರು ಪೈಥಾಗೊರಸನ ಪ್ರಮೇಯವನ್ನು ಕರಿಹಲಗೆಯ ಮೇಲೆ ಸಾಧಿಸುತ್ತಿರುತ್ತಾರೆ. ಮಕ್ಕಳು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಿರುತ್ತಾರೆ. ಎರಡೂ ಒಂದೇ ಪಾಠ. ಪ್ರಮೇಯಕ್ಕೆ ದಾರವಿಲ್ಲ, ದಾರಕ್ಕೆ ಪ್ರಮೇಯವಿಲ್ಲ. ಇವೆರಡನ್ನೂ ಒಂದೇ ಕೊಠಡಿಗೆ ತರುವ ಶಾಲೆಯನ್ನೇ ನಾವು ಕಟ್ಟುವ ವಿದ್ಯೆಯ ಪ್ರೌಢಶಾಲೆ ಎಂದು ಕರೆಯುತ್ತೇವೆ.

ಇಂಥ ಶಾಲೆಗೆ ದುರ್ಗದ ಸೀಮೆಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಇಲ್ಲಿ ಪಠ್ಯಪುಸ್ತಕವನ್ನು ಬೆಟ್ಟದ ಮೇಲೆಯೇ ಬರೆದಿಟ್ಟಿದೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಆ ಬಂಡೆಯ ಬರಹ ಹೇಳುವುದು ಒಂದು ಕೆರೆಯ ಕೆಲಸವನ್ನು. 1929ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಉತ್ಖನನ ನಡೆಸಿದರು. ರಾಜನು ತನ್ನ ಪರಾಕ್ರಮದ ಜೊತೆಗೆ ಕೆರೆಯ ಮಾತನ್ನೂ ಕಲ್ಲಿನಲ್ಲಿ ಕೊರೆಯಿಸಿದನೆಂಬುದು ಗಮನಿಸತಕ್ಕ ವಿಷಯ. ನೀರು ನಿಲ್ಲಿಸುವುದು ಈ ಸೀಮೆಯಲ್ಲಿ ಗೆಲುವಿಗೆ ಸಮನಾದ ಕಾರ್ಯ.

ಬೆಟ್ಟವನ್ನೇರಿದರೆ ಏಳು ಸುತ್ತಿನ ಕೋಟೆ. ಮದಕರಿನಾಯಕನ ಶೌರ್ಯವನ್ನೂ 1779ರಲ್ಲಿ ಹೈದರನ ವಶವಾದ ಕಥೆಯನ್ನೂ ಎಲ್ಲರೂ ಬಲ್ಲರು. ಕಟ್ಟಿದವರ ಕಥೆಯನ್ನು ಕೇಳುವವರು ಕಡಮೆ. ಬಂಡೆಗಳ ಮೇಲೆ ಸಾಲುಸಾಲಾಗಿ ಕೊರೆದ ಚಿಕ್ಕ ಗುಳಿಗಳು ಇಂದಿಗೂ ಕಾಣುತ್ತವೆ. ಅವುಗಳಲ್ಲಿ ಬೆಣೆಯನ್ನಿಟ್ಟು ಕಲ್ಲನ್ನು ಗೆರೆ ಹಿಡಿದಂತೆ ಸೀಳುತ್ತಿದ್ದರು. ಬಾಗಿಲುಗಳ ದಾರಿ ನೇರವಾಗಿಲ್ಲ. ಓಡಿಬರುವ ಆನೆಗೂ ಸೈನ್ಯಕ್ಕೂ ವೇಗ ಸಿಕ್ಕದಂತೆ ತಿರುವಿನ ಮೇಲೆ ತಿರುವನ್ನಿಟ್ಟಿದ್ದಾರೆ. ಎಲ್ಲಕ್ಕಿಂತ ಮಿಗಿಲಾದುದು ನೀರಿನ ಏರ್ಪಾಟು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಹೆಚ್ಚಾದುದು ಅಕ್ಕತಂಗಿ ಹೊಂಡಕ್ಕಿಳಿದು, ಅಲ್ಲಿಂದ ಊರಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಹರಿಯುವಂತೆ ಒಂದರ ಕೋಡಿಯನ್ನು ಇನ್ನೊಂದರ ಬಾಯಿಗೆ ಜೋಡಿಸಿದ್ದಾರೆ. ಮಟ್ಟ ತಪ್ಪಿದ್ದರೆ ಈ ಸರಪಳಿ ಒಂದು ಮಳೆಗಾಲವೂ ನಡೆಯುತ್ತಿರಲಿಲ್ಲ.

ಹಿರಿಯೂರು ತಾಲ್ಲೂಕಿಗೆ ಬಂದರೆ ಮಾರಿಕಣಿವೆ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ವೇದಾವತಿಗೆ ಅಡ್ಡವಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಈ ಕಲ್ಲುಕಟ್ಟೆಗೆ ಮಹಾರಾಣಿ ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರ ಹೆಸರಿದೆ. ದಿವಾನ್ ಶೇಷಾದ್ರಿ ಅಯ್ಯರ ಕಾಲದಲ್ಲಿ ಕೆಲಸ ಮೊದಲಾಯಿತು. 1901ರಲ್ಲಿ ತೀರಿಕೊಂಡ ಅವರು ಅದು ಮುಗಿದುದನ್ನು ನೋಡಲಿಲ್ಲ. ಜಲಾಶಯದ ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. 1933ರಲ್ಲಿ ಕೋಡಿ ಹರಿದ ಇದು ಮತ್ತೆ ಕೋಡಿ ಹರಿದುದು 89 ವರ್ಷಗಳ ತರುವಾಯ, 2022ರಲ್ಲಿ. ಆಮೇಲೆ 2025ರಲ್ಲಿಯೂ ತುಂಬಿ ಹರಿಯಿತು. ಅಷ್ಟು ಕಾಲ ಆ ಭಾರವನ್ನು ಹೊರದಿದ್ದ ಗೋಡೆ, ಭಾರ ಬಂದ ದಿನ ಅಲುಗದೆ ನಿಂತಿತು.

ಇಲ್ಲಿ ಒಂಬತ್ತನೆಯ ತರಗತಿಗೆ ಎಂಥ ಪಾಠವಿದೆ ನೋಡಿ. ನೀರಿನ ಒತ್ತಡ ಆಳದೊಂದಿಗೆ ಹೆಚ್ಚುತ್ತದೆ. 130 ಅಡಿ, ಎಂದರೆ ಸುಮಾರು 40 ಮೀಟರು ಆಳದಲ್ಲಿ ಗೋಡೆಯ ಒಂದೊಂದು ಚದರ ಮೀಟರಿನ ಮೇಲೂ ಹತ್ತಿರ ಹತ್ತಿರ 40 ಟನ್ ಒತ್ತಡ ಬೀಳುತ್ತದೆ. ಆಳ ಎರಡರಷ್ಟಾದರೆ ಗೋಡೆಯ ಮೇಲಣ ಒಟ್ಟು ನೂಕು ಎರಡರಷ್ಟಲ್ಲ, ನಾಲ್ಕರಷ್ಟು. ಆದಕಾರಣ ಕಟ್ಟೆಯ ತಲೆ ಕಿರಿದು, ಬುಡ ಅಗಲ. ಈ ಮಾತನ್ನು ಪುಸ್ತಕದಲ್ಲಿ ಓದಿದ ಮಗು ಪರೀಕ್ಷೆಯಾದ ಮಾರನೆಯ ದಿನ ಮರೆಯುತ್ತದೆ. ಕಟ್ಟೆಯ ಕೆಳಗೆ ನಿಂತು ತಲೆಯೆತ್ತಿ ನೋಡಿ, ತಾನೇ ನಕ್ಷೆ ಬರೆದು, ತಾನೇ ಲೆಕ್ಕ ಹಾಕಿದ ಮಗು ಮರೆಯುವುದಿಲ್ಲ.

ಹೊಸದುರ್ಗದ ಪಾಠ ಎರಡು ಬಗೆಯದು; ಒಂದು ಎಚ್ಚರಿಕೆ, ಮತ್ತೊಂದು ಭರವಸೆ. ಈ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜನ್ನು ಮಾಡುವ ಕುಲುಮೆಗಳಿದ್ದುವು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಈ ಕಸುಬಿನ ವಿಚಾರವನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಇಂದು ಆ ಕಸುಬು ಅಲ್ಲಿಲ್ಲ. ಹೊರಗಿನ ಅಗ್ಗದ ಸರಕು ಬಂದಾಗ, ತನ್ನ ವಿಧಾನವನ್ನು ಬರೆದಿಟ್ಟು, ತಿದ್ದಿ, ಬೆಳೆಸುವ ಶಾಲೆಯಿಲ್ಲದ ಕಸುಬು ಎದುರು ನಿಲ್ಲಲಾರದು. ಕೈಯಿಂದ ಕೈಗೆ ಮಾತ್ರ ಸಾಗಿದ ವಿದ್ಯೆ, ಒಂದು ತಲೆಮಾರು ಕೈ ಹಿಂತೆಗೆದರೆ ಮುಗಿಯಿತು. ಇನ್ನೊಂದು ಕಡೆ, ಅದೇ ಹೊಸದುರ್ಗದ ಗುಡ್ಡಗಳ ಮೇಲೆ ಇಂದು ಗಾಳಿಯಂತ್ರಗಳು ತಿರುಗುತ್ತಿವೆ. ಅಷ್ಟು ಎತ್ತರದ ಕಂಬ ಗಾಳಿಗೆ ಮಗುಚದಂತೆ ಅದರ ಪಾಯ ಎಷ್ಟು ಅಗಲ, ಎಷ್ಟು ಭಾರವಿರಬೇಕು? ಮಾರಿಕಣಿವೆಯ ನೀರು ಕೇಳಿದ ಪ್ರಶ್ನೆಯನ್ನೇ ಇಲ್ಲಿ ಗಾಳಿ ಕೇಳುತ್ತದೆ.

ಹೊಳಲ್ಕೆರೆಗೆ ಹೆಸರಿನಲ್ಲಿಯೇ ಕೆರೆಯಿದೆ. ಏರಿ, ತೂಬು, ಕೋಡಿ ಎಂಬ ಮೂರು ಮಾತುಗಳಲ್ಲಿ ಕೆರೆಯ ಶಾಸ್ತ್ರವೆಲ್ಲ ಅಡಗಿದೆ. ತಡೆಯುವುದು, ಬಿಡುವುದು, ಮಿಕ್ಕುದನ್ನು ಕೇಡಿಲ್ಲದೆ ಕಳುಹಿಸುವುದು. ಇದೇ ತಾಲ್ಲೂಕಿನ ಚಿಕ್ಕಜಾಜೂರು ರೈಲುದಾರಿಗಳು ಕೂಡುವ ಜಂಕ್ಷನ್. ಚಿತ್ರದುರ್ಗಕ್ಕೆ ರೈಲು ಕವಲೊಡೆಯುವುದು ಅಲ್ಲಿಂದ. ದಾರಿಯ ಏರಿಳಿತ, ತಿರುವಿನಲ್ಲಿ ಹೊರಹಳಿಯನ್ನು ಎತ್ತರಿಸುವುದು, ಹಳಿಯ ಕೆಳಗಣ ಜಲ್ಲಿಯ ಕೆಲಸ ಇವೆಲ್ಲ ಮಕ್ಕಳು ದಿನವೂ ನೋಡುವ, ಎಂದೂ ಪ್ರಶ್ನಿಸದ ಸಂಗತಿಗಳು.

ಮುಂದೆ ಬರುವ ಕೆಲಸಗಳೂ ಕಡಮೆಯಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 29.90 ಟಿ.ಎಂ.ಸಿ. ನೀರನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಈ ಬಯಲಿಗೆ ತಂದು, 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸಬೇಕೆಂಬ ಸಂಕಲ್ಪವಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿಯ ನೆರವನ್ನು ಸಾರಿದರು. ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾಯುವ ತುಮಕೂರು ದಾವಣಗೆರೆ ರೈಲುಮಾರ್ಗವೂ ಮಂಜೂರಾಗಿದೆ. ಕಾಲುವೆ, ಪೈಪು, ಸೇತುವೆಗಳನ್ನು ಕಟ್ಟುವವರೂ, ಕಟ್ಟಿದ ಮೇಲೆ ಐವತ್ತು ವರ್ಷ ಕಾಪಾಡುವವರೂ ಬೇಕು. ಆ ಕೆಲಸಗಳಲ್ಲಿ ಈ ಸೀಮೆಯ ಮಕ್ಕಳ ಪಾಲು ಯಾವುದು? ಮಣ್ಣು ಹೊರುವುದು ಮಾತ್ರವೇ? ಅಳೆಯುವ, ಎಣಿಸುವ, ನಿರ್ಧರಿಸುವ ಕೆಲಸಗಳು ಹೊರಗಿನವರದೇ? ಈ ಪ್ರಶ್ನೆಯೇ ನಮ್ಮ ವಿಷಯದ ಹೃದಯ.

ನಮ್ಮ ನಾಡು ಈ ದಿಕ್ಕಿನಲ್ಲಿ ಹಿಂದೆ ಏನೂ ಮಾಡಲಿಲ್ಲವೆಂದಲ್ಲ. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಕಟ್ಟಡಕ್ಕೆ 1906ರಲ್ಲಿ ಅಸ್ತಿಭಾರ ಬಿದ್ದಿತು. 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಲ್ಲಿಸಿದ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಇದಕ್ಕಾಗಿ ಬಿಟ್ಟುಕೊಟ್ಟರು. ದೊಡ್ಡ ಅಣೆಕಟ್ಟುಗಳ ನಡುವೆ ಬಾಳಿದ ಆ ಮಹನೀಯರು, ಇಂಜಿನಿಯರಿಗೂ ಕೂಲಿಗೂ ನಡುವೆ ಕಲಿತ ಕೈಗಳ ಒಂದು ವರ್ಗ ಬೇಕೆಂಬುದನ್ನು ಚೆನ್ನಾಗಿ ಅರಿತಿದ್ದರು.

ಸ್ವಾತಂತ್ರ್ಯ ಬಂದ ತರುವಾಯ 1952-53ರ ಮುದಲಿಯಾರ್ ಆಯೋಗವು ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. 1964-66ರ ಕೊಠಾರಿ ಆಯೋಗವು ಓದಿನೊಂದಿಗೆ ಕೆಲಸದ ಅನುಭವವೂ ಇರಬೇಕೆಂದಿತು. ನಮ್ಮ ರಾಜ್ಯದಲ್ಲಿ ಜೂನಿಯರ್ ಟೆಕ್ನಿಕಲ್ ಶಾಲೆಗಳೆಂಬ ಒಂದು ಬಗೆಯುಂಟು. ಎಂಟರಿಂದ ಹತ್ತನೆಯ ತರಗತಿಯವರೆಗೆ ಭಾಷೆ, ಗಣಿತ, ವಿಜ್ಞಾನಗಳ ಜೊತೆಗೆ ಯಂತ್ರಶಾಸ್ತ್ರ, ವಿದ್ಯುಚ್ಛಾಸ್ತ್ರಗಳ ಮೂಲಾಂಶಗಳನ್ನೂ ಇಂಜಿನಿಯರಿಂಗ್ ರೇಖಾಚಿತ್ರವನ್ನೂ ಕಲಿಸಿ, ಮಕ್ಕಳನ್ನು ಎಸ್.ಎಸ್.ಎಲ್.ಸಿ. ಪರೀಕ್ಷೆಗೇ ಕೂರಿಸುತ್ತಾರೆ. ಇವುಗಳ ಹೆಚ್ಚಳವೇನೆಂದರೆ ಮಗುವಿನ ಮುಂದಿನ ದಾರಿಯನ್ನು ಇವು ಮುಚ್ಚುವುದಿಲ್ಲ. ಇವುಗಳ ಕೊರತೆಯೇನೆಂದರೆ ಇವು ಎಣಿಕೆಗೆ ಸಿಕ್ಕುವಷ್ಟೇ ಇವೆ. ಈಚೆಗೆ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂರನೆಯ ಭಾಷೆಗೆ ಬದಲಾಗಿ ವೃತ್ತಿವಿಷಯವನ್ನು ಆರಿಸಿಕೊಳ್ಳುವ ಅವಕಾಶ ಬಂದಿದೆ. ಮೋಟಾರು, ಚಿಲ್ಲರೆ ವ್ಯಾಪಾರ, ಮಾಹಿತಿ ತಂತ್ರಜ್ಞಾನ, ಆರೋಗ್ಯಸೇವೆ, ಸೌಂದರ್ಯಸೇವೆ ಇವು ಅಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಕೋಟೆ ಕಟ್ಟಿದ ಸೀಮೆಯಲ್ಲಿ ಕಲ್ಲು, ಗಾರೆ, ನೀರುಗಳ ವಿದ್ಯೆಗೂ ಅಲ್ಲೊಂದು ಸ್ಥಾನವಿರಬೇಕು.

ಹೊರದೇಶಗಳ ಅನುಭವವೂ ಗಮನಿಸತಕ್ಕದ್ದು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1895ರಿಂದ 1919ರವರೆಗೆ ಶಾಲೆಗಳ ಮೇಲ್ವಿಚಾರಕರಾಗಿದ್ದ ಜಾರ್ಜ್ ಕೆರ್ಷನ್‌ಸ್ಟೈನರ್ ಶಾಲೆಯೊಳಗೇ ಕೆಲಸದ ಕೊಠಡಿಗಳನ್ನು ತೆರೆದರು. ಕೈಕೆಲಸ ಬರಿಯ ಹೊಟ್ಟೆಪಾಡಿಗಲ್ಲ, ಒಳ್ಳೆಯ ನಾಗರಿಕನನ್ನು ಮಾಡುವ ಶಿಕ್ಷಣವೂ ಹೌದೆಂಬುದು ಅವರ ನಂಬುಗೆ. ಅಮೆರಿಕದ ಫಿಲಡೆಲ್ಫಿಯದಲ್ಲಿ 1999ರಲ್ಲಿ ವಾಸ್ತುಶಿಲ್ಪಿಗಳ ಸಂಘದ ಪ್ರಯತ್ನದಿಂದ ವಾಸ್ತುಶಿಲ್ಪ ಮತ್ತು ವಿನ್ಯಾಸಕ್ಕೆಂದೇ ಒಂದು ಸಾರ್ವಜನಿಕ ಪ್ರೌಢಶಾಲೆ ಹುಟ್ಟಿ, ಇಪ್ಪತ್ತೊಂದು ವರ್ಷ ನಡೆದು, 2020ರಲ್ಲಿ ಮುಚ್ಚಿಹೋಯಿತು. ಇದರಿಂದ ತಿಳಿಯುವುದಿಷ್ಟೆ. ಹೆಸರು ಚೆಂದವಾದ ಮಾತ್ರಕ್ಕೆ ಶಾಲೆ ಉಳಿಯದು; ವರ್ಷವರ್ಷವೂ ಅದನ್ನು ನಡೆಸುವ ಕೈ ಬೇಕು.

ಈಗ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡವರ ಮಕ್ಕಳಿಗೆ ಕರಣೆ, ಉಳ್ಳವರ ಮಕ್ಕಳಿಗೆ ಲೇಖನಿ ಎಂಬ ಹಳೆಯ ಪಂಕ್ತಿಭೇದವನ್ನೇ ನೀವು ಹೊಸ ಹೆಸರಿನಿಂದ ತರುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳೋಣ? 1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿಯವರು ಪ್ರಾಥಮಿಕ ಶಾಲೆಯ ವೇಳೆಯನ್ನು ಕಡಮೆ ಮಾಡಿ, ಮಿಕ್ಕ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಗಳ ಕಸುಬನ್ನು ಕಲಿಯಲಿ ಎಂಬ ಯೋಜನೆಯನ್ನು ತಂದರು. ಇದು ಕುಲದ ಶಿಕ್ಷಣವೆಂದು ಜನ ದೊಡ್ಡ ಪ್ರತಿಭಟನೆ ಹೂಡಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ಬಳಿಕ ಬಂದ ಕಾಮರಾಜರು ಆ ಯೋಜನೆಯನ್ನು ಹಿಂತೆಗೆದುಕೊಂಡರು. ಜನರ ಭಯ ನಿಜವಾದ ಭಯ. ಅಪ್ಪನ ಕಸುಬೇ ಮಗನ ಹಣೆಬರಹವೆಂದು ಶಾಲೆಯೂ ಹೇಳುವುದಾದರೆ ಶಾಲೆ ಏತಕ್ಕೆ?

ದುರ್ಗದ ಸೀಮೆಯಲ್ಲಿ ಈ ಮಾತಿಗೆ ವಿಶೇಷವಾದ ತೂಕವಿದೆ. ಕಲ್ಲೊಡೆಯುವ, ಮಣ್ಣು ಹೊರುವ, ಕೆರೆ ಕಟ್ಟುವ ಕೆಲಸವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಭೋವಿ ಜನರ ಗುರುಪೀಠ ಚಿತ್ರದುರ್ಗದಲ್ಲಿಯೇ ಇದೆ. ನಾಡಿನ ಕೆರೆಗಳಲ್ಲಿ ಇವರ ಬೆವರು ಬೀಳದುದು ಅಪರೂಪ. ಆದರೂ ಕೆರೆಯ ಶಾಸನದಲ್ಲಿ ಕಟ್ಟಿಸಿದವನ ಹೆಸರಿರುತ್ತದೆ, ಕಟ್ಟಿದವನದಲ್ಲ. ಈ ಮನೆಗಳ ಮಕ್ಕಳು ವೈದ್ಯರಾಗಲಿ, ನ್ಯಾಯಾಧೀಶರಾಗಲಿ. ಆ ಬಾಗಿಲುಗಳನ್ನು ಯಾರೂ ಮುಚ್ಚಬಾರದು. ಹಾಗೆಯೇ ಅಕ್ಕಿ ಅಂಗಡಿಯವರ ಮಗನೂ, ವಕೀಲರ ಮಗಳೂ, ಅಡಕೆ ತೋಟದವರ ಮಗನೂ ಕರಣೆ ಹಿಡಿಯಲಿ. ಕಟ್ಟುವ ವಿದ್ಯೆಯ ಶಾಲೆ ಎಲ್ಲರ ಶಾಲೆಯಾಗದಿದ್ದರೆ ಅದು ಬೇಡವೇ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಆದ್ದರಿಂದ ಮೂರು ಕಟ್ಟುಪಾಡುಗಳನ್ನು ಹೇಳುತ್ತೇವೆ. ಒಂದು, ಈ ಶಾಲೆಯ ಮಕ್ಕಳೂ ಇತರರಂತೆ ಎಸ್.ಎಸ್.ಎಲ್.ಸಿ.ಯನ್ನೇ ಮುಗಿಸಬೇಕು; ಪಿ.ಯು., ಡಿಪ್ಲೊಮ, ಕಾಲೇಜು ಎಲ್ಲ ದಾರಿಗಳೂ ತೆರೆದಿರಬೇಕು. ಐ.ಟಿ.ಐ. ಮುಗಿಸಿದವರು ಡಿಪ್ಲೊಮಕ್ಕೂ, ಡಿಪ್ಲೊಮ ಮುಗಿಸಿದವರು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಹೋಗುವ ಏಣಿ ಈಗಲೂ ಇದೆ. ಅದರ ಮೊದಲ ಮೆಟ್ಟಿಲನ್ನು ಪ್ರೌಢಶಾಲೆಯಲ್ಲಿಡೋಣ. ಎರಡು, ಶಾಲೆ ಶಾಲೆಯೇ ಆಗಿರಬೇಕು, ಕೆಲಸದ ಸ್ಥಳವಾಗಬಾರದು. ಹದಿನಾಲ್ಕರಿಂದ ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಗಳಿಗೆ ಹಚ್ಚಬಾರದೆಂದು 2016ರ ತಿದ್ದುಪಡಿಯಾದ ಕಾಯಿದೆ ಹೇಳುತ್ತದೆ. ಹಾಜರಿಪುಸ್ತಕದ ಜಾಗದಲ್ಲಿ ಕೂಲಿಪಟ್ಟಿ ಬಂದಿತೆಂದರೆ ಅಲ್ಲಿಗೆ ವಿದ್ಯೆ ಮುಗಿಯಿತು. ಮೂರು, ಹೆಣ್ಣುಮಕ್ಕಳಿಗೆ ಸಮನಾದ ಸ್ಥಾನವಿರಬೇಕು. ಕಟ್ಟಡದ ಕೆಲಸದಲ್ಲಿ ಹೆಂಗಸರು ಎಂದಿನಿಂದಲೂ ಇದ್ದಾರೆ. ಆದರೆ ಅವರ ತಲೆಯ ಮೇಲೆ ಬಾಂಡಲಿಯಿದೆ, ಕೈಯಲ್ಲಿ ರಸಮಟ್ಟವಿಲ್ಲ. ಈ ಅನ್ಯಾಯ ತಿದ್ದಬೇಕಾದುದು ಶಾಲೆಯಲ್ಲಿ.

ಇದಕ್ಕೆ ಬೇಕಾದುದೇನು ಎಂಬುದನ್ನೂ ಹೇಳಬೇಕಷ್ಟೆ. ಹೊಸದಾಗಿ ದೊಡ್ಡ ಕಟ್ಟಡಗಳು ಬೇಡ. ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಸರ್ಕಾರಿ ಪ್ರೌಢಶಾಲೆಯನ್ನು ಆರಿಸಿ, ಅದಕ್ಕೆ ಎರಡು ಕೊಠಡಿಗಳನ್ನು ಸೇರಿಸಿದರೆ ಸಾಕು. ಒಂದು ನಕ್ಷೆ ಬರೆಯುವುದಕ್ಕೆ, ಇನ್ನೊಂದು ಕೈಕೆಲಸಕ್ಕೆ. ಎಂಟನೆಯ ತರಗತಿಯಲ್ಲಿ ಮಕ್ಕಳು ತ���್ಮ ಶಾಲೆಯನ್ನೇ ಅಳೆದು ಅದರ ನಕ್ಷೆ ಬರೆಯಲಿ. ತೂಗುಗುಂಡು, ರಸಮಟ್ಟ, ಮೂಲೆಮಟ್ಟಗಳನ್ನು ಹಿಡಿಯುವುದನ್ನೂ ಅವುಗಳ ಹಿಂದಿನ ತತ್ತ್ವವನ್ನೂ ಕಲಿಯಲಿ. ಒಂಬತ್ತನೆಯದರಲ್ಲಿ ಮಣ್ಣು, ಸುಣ್ಣ, ಕಲ್ಲು, ಇಟ್ಟಿಗೆ, ಸಿಮೆಂಟು, ಕಬ್ಬಿಣ, ಮರ ಇವುಗಳ ಗುಣದೋಷಗಳನ್ನು ಪರೀಕ್ಷಿಸಿ ತಿಳಿಯಲಿ. ಒಂದೇ ಸಿಮೆಂಟಿನಿಂದ, ಬೇರೆಬೇರೆ ಪ್ರಮಾಣದ ನೀರಿನಿಂದ ಗಟ್ಟಿಗಳನ್ನು ಮಾಡಿ ಒಡೆದು ನೋಡಲಿ. ಹತ್ತನೆಯದರಲ್ಲಿ ಒಂದು ಚಿಕ್ಕ ಕೆಲಸದ ನಕ್ಷೆ, ಅಂದಾಜುಪಟ್ಟಿ, ಖರ್ಚಿನ ಲೆಕ್ಕ ಮಾಡಿ, ಮಳೆನೀರಿನ ತೊಟ್ಟಿಯನ್ನೋ ಜಗಲಿಯನ್ನೋ ಶಾಲೆಯ ಅಂಗಳದಲ್ಲಿ ಕಟ್ಟಿ ಮುಗಿಸಲಿ. ವರ್ಷಕ್ಕೆ ಕೆಲವು ದಿನ ಒಂದು ತಾಲ್ಲೂಕಿನ ಮಕ್ಕಳು ಇನ್ನೊಂದಕ್ಕೆ ಹೋಗಲಿ. ಕೋಟೆಯಲ್ಲಿ ಕಲ್ಲಿನ ಪಾಠ, ಮಾರಿಕಣಿವೆಯಲ್ಲಿ ನೀರಿನ ಪಾಠ, ಹೊಸದುರ್ಗದಲ್ಲಿ ಗಾಳಿಯ ಪಾಠ, ಹೊಳಲ್ಕೆರೆಯಲ್ಲಿ ಏರಿಯ ಪಾಠವೂ ಹಳಿಯ ಪಾಠವೂ ನಡೆಯಲಿ.

ಕಲಿಸುವವರು ಯಾರು ಎಂಬುದು ಕಠಿಣವಾದ ಪ್ರಶ್ನೆ. ಡಿಪ್ಲೊಮ ಪಡೆದ ತರುಣ ತರುಣಿಯರು ನಕ್ಷೆಯನ್ನೂ ಲೆಕ್ಕವನ್ನೂ ಹೇಳಿಕೊಡಬಹುದು. ಕೈಯ ಹದವನ್ನು ಹೇಳಿಕೊಡಬಲ್ಲವರು ಊರಿನ ಹಿರಿಯ ಮೇಸ್ತ್ರಿಗಳು. ಸಂಗೀತ ವಿದ್ವಾಂಸರನ್ನು ಕಾಲೇಜಿಗೆ ಕರೆಯುವಾಗ ನಾವು ಅವರ ಪದವಿಯನ್ನು ಕೇಳುವುದಕ್ಕೆ ಮೊದಲು ಅವರ ಹಾಡನ್ನು ಕೇಳುತ್ತೇವೆ. ಮೇಸ್ತ್ರಿಯ ವಿಷಯದಲ್ಲಿಯೂ ಹಾಗೆಯೇ ನಡೆಯಬಾರದೇಕೆ? ಗೌರವಧನವನ್ನು ಕೊಟ್ಟು, ಉಪಾಧ್ಯಾಯರ ಸಾಲಿನಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸಬೇಕು. ಮಕ್ಕಳು ಕೈಕೆಲಸಕ್ಕೆ ಮರ್ಯಾದೆಯಿದೆಯೆಂಬುದನ್ನು ಪಾಠದಿಂದ ಕಲಿಯುವುದಿಲ್ಲ. ಆ ಕುರ್ಚಿಯನ್ನು ನೋಡಿ ಕಲಿಯುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ವರ್ಷದಲ್ಲಿ ಹತ್ತು ದಿನ ಚೀಲವಿಲ್ಲದೆ ಬಂದು ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಕೆಲಸ ನೋಡಿ ಕಲಿಯಲಿ ಎಂದಿತು. ಹತ್ತು ದಿನ ರುಚಿ ನೋಡುವುದಕ್ಕಾಯಿತು, ಊಟಕ್ಕಾಗಲಿಲ್ಲ. ನೀತಿಗಳು ಬರುತ್ತವೆ, ಬದಲಾಗುತ್ತವೆ. ಯಾವ ನೀತಿ ಬಂದರೂ ಹದಿಮೂರರಿಂದ ಹದಿನಾರರವರೆಗಿನ ಆ ಮೂರು ವರ್ಷಗಳು ಮಗುವಿನ ಬಾಳಿನಲ್ಲಿ ಎರಡನೆಯ ಸಲ ಬರುವುದಿಲ್ಲ.

ನಗರಗಳಲ್ಲಿ ಕುಳಿತು ಈ ಮಾತನ್ನು ಕೇಳುತ್ತಿರುವ ತಮಗೂ ಇದರಲ್ಲಿ ಪಾಲುಂಟು. ತಮ್ಮ ಮನೆಯ ಮೇಲುಮಹಡಿಯನ್ನು ಕಟ್ಟಿದ ಕೈಗಳು ಬಹುಶಃ ಇಂಥ ಒಂದು ತಾಲ್ಲೂಕಿನಿಂದಲೇ ಬಂದುವು. ಆ ಕೈಗಳು ನಕ್ಷೆಯನ್ನು ಓದಬಲ್ಲವಾದರೆ ತಮ್ಮ ಸೂರು ಗಟ್ಟಿ, ಅವರ ಕೂಲಿಯೂ ಗಟ್ಟಿ. ತಮ್ಮ ಮಕ್ಕಳು ಒಂದು ದಿನವಾದರೂ ಗಾರೆ ಕಲಸಿದ್ದರೆ ಅವರು ನಾಳೆ ಬರೆಯುವ ನಕ್ಷೆಯೂ ಗಟ್ಟಿ. ಕೋಟೆಯ ಕಲ್ಲುಗಳು ಒಂದನ್ನೊಂದು ಹಿಡಿದು ನಿಂತಿರುವುದು ಮೈಗೆ ಮೈ ತಾಗಿ ಕುಳಿತಿರುವುದರಿಂದ. ನಮ್ಮ ವಿದ್ಯೆಯಲ್ಲಿ ತಲೆಯೂ ಕೈಯೂ ಹಾಗೆ ಕೂಡಲಿ ಎಂಬುದು ನಮ್ಮ ಕೋರಿಕೆ. ದುರ್ಗದ ಸೀಮೆಯ ಒಂದು ಶಾಲೆಯಲ್ಲಿ ಇದು ನಡೆದುದಾದರೆ ಮಿಕ್ಕ ಸೀಮೆಗಳು ನೋಡಿ ಕಲಿಯುವುದಕ್ಕೆ ಬಹು ಕಾಲ ಬೇಕಾಗದು.